ದೀಪದ ಬೆಲೆ

ನಿವೃತ್ತಿಯಾದ ಮೇಲೆ ಕೆಲವರಿಗೆ ವೇದಾಂತ ಹತ್ತುತ್ತದೆ, ಕೆಲವರಿಗೆ ಇಸ್ಪೀಟು. ನನಗೆ ಹತ್ತಿದ್ದು ಹಳೆಯ ಗಾಜಿನ ಸೀಮೆಎಣ್ಣೆ ದೀಪಗಳ ಹುಚ್ಚು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಆದರೂ ಎಷ್ಟೋ ಮನೆಗಳ ಅಟ್ಟದಲ್ಲಿ ಈ ದೀಪಗಳು ಇಂದಿಗೂ ಧೂಳು ಹೊದ್ದು ಕುಳಿತಿವೆ. ಅವನ್ನು ಕೊಂಡು, ಶುಚಿಮಾಡಿ, ಮನೆ ಅಲಂಕರಿಸುವ ಹವ್ಯಾಸದವರಿಗೆ ಮಾರುವುದು ನನ್ನ ಉಪವೃತ್ತಿ. ಮನೆಯಾಕೆ ಇದನ್ನು ಗುಜರಿ ವ್ಯಾಪಾರವೆನ್ನುತ್ತಾಳೆ. ಮೊದಮೊದಲು ಹುಣಿಸೆಹಣ್ಣು ಹಾಕಿ ಹಿತ್ತಾಳೆಯನ್ನು ಫಳಫಳ ಬೆಳಗುತ್ತಿದ್ದೆ. ಹಾಗೆ ಬೆಳಗಿದರೆ ಬೆಲೆ ಇಳಿಯುತ್ತದೆಂದು ತಿಳಿಯುವಷ್ಟರಲ್ಲಿ ನಾಲ್ಕಾರು ದೀಪಗಳು ಕೆಟ್ಟಿದ್ದವು.

ದೀಪ ಕೈಗೆ ಬಂದೊಡನೆ ನಾನು ಅದನ್ನು ಮಗುಚಿ ತಳ ನೋಡುತ್ತೇನೆ. ಕುಶಲಿಯು ಕೊಳವೆಯಿಂದ ಊದಿದ ಗಾಜನ್ನು ಕಬ್ಬಿಣದ ಸಲಾಕೆಗೆ ಅಂಟಿಸಿಕೊಂಡು ಬಾಯಿ ತಿದ್ದಿ, ಬಳಿಕ ಸಲಾಕೆಯನ್ನು ಮುರಿದು ತೆಗೆಯುತ್ತಾನೆ. ಆ ಜಾಗದಲ್ಲಿ ಹೊಕ್ಕಳಿನಂಥ ಒರಟು ಗುರುತು ಉಳಿಯುತ್ತದೆ. ಕೆಲವರು ಅದನ್ನು ಉಜ್ಜಿ ನುಣುಪು ಮಾಡಿರುವುದೂ ಉಂಟು. ಆಮೇಲೆ ಪಕ್ಕಗಳ ಮೇಲೆ ಬೆರಳಾಡಿಸಿ ಅಚ್ಚಿನ ಗೆರೆ ಹುಡುಕುತ್ತೇನೆ. ಅಚ್ಚಿನೊಳಗೆ ಊದಿದ ಗಾಜಿಗೂ ಗೆರೆ ಇರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಗಾಜಿನೊಳಗಣ ಗುಳ್ಳೆಗಳನ್ನಂತೂ ಈಗ ಬೇಕೆಂದೇ ಸೃಷ್ಟಿಸುತ್ತಾರೆ. ಬತ್ತಿಯ ತಿರುಪಿನ ಮೇಲೆ ಜರ್ಮನಿಯ ಹೆಸರಿದ್ದರೆ ಅದು ಬಹುಶಃ 1887ರ ಬ್ರಿಟಿಷ್ ಕಾನೂನಿನ ನಂತರದ ಸರಕು. ಆದರೆ ಒಂದು ದೀಪದ ಬರ್ನರು ಮತ್ತೊಂದಕ್ಕೆ ಕೂರುತ್ತದೆ. ಬರ್ನರಿನ ವಯಸ್ಸು ಗಾಜಿನ ವಯಸ್ಸಲ್ಲ. ಚಿಮಣಿಯಂತೂ ಮೊದಲು ಒಡೆಯುವ ಭಾಗ. ಮೂಲ ಚಿಮಣಿ ಉಳಿದ ದೀಪ ಸಿಗುವುದೇ ಅಪರೂಪ.

ಇಷ್ಟೆಲ್ಲ ಬಲ್ಲವನೆಂಬ ಖ್ಯಾತಿ ಬೀದಿಯಲ್ಲಿ ಹಬ್ಬಿತ್ತು. ಮೂರು ಮನೆಯಾಚೆಯ ವೃದ್ಧೆಯೊಬ್ಬರು ಮನೆ ಮಾರುವ ಸಿದ್ಧತೆಯಲ್ಲಿದ್ದಾಗ ನನ್ನನ್ನು ಕರೆಸಿದರು. ಅಟ್ಟದಿಂದ ಇಳಿಸಿದ ಹಳದಿಮಿಶ್ರಿತ ಹಸಿರು ಬಣ್ಣದ ದೀಪವನ್ನು ಮುಂದಿಟ್ಟು, "ನೀವು ಹೇಳಿದ ಬೆಲೆಯೇ ಬೆಲೆ," ಎಂದರು.

ತಳದಲ್ಲಿ ಹೊಕ್ಕಳಿತ್ತು. ಆಕೆ ಕಾಫಿ ತರಲು ಒಳಗೆ ಹೋದಾಗ ಜೇಬಿನಿಂದ ನೇರಳಾತೀತ ಟಾರ್ಚು ತೆಗೆದು ಬೆಳಕು ಬಿಟ್ಟೆ. ಗಾಜು ಎಳೆಯ ಬಾಳೆಸುಳಿಯಂತೆ ಹಸಿರಾಗಿ ಉರಿದೆದ್ದಿತು. ಯುರೇನಿಯಂ ಬೆರೆಸಿದ ಗಾಜು! ಸಂಗ್ರಾಹಕರು ಹುಡುಕಿಕೊಂಡು ಬರುವ ವಸ್ತು. ಟಾರ್ಚನ್ನು ಆರಿಸಿ ಜೇಬಿಗಿಳಿಸಿದೆ.

"ಚಿಮಣಿ ಈಚಿನದು, ತಿರುಪು ಹಿಡಿದುಕೊಂಡಿದೆ, ಅಂಚಿನಲ್ಲಿ ಚೂರು ಹಾರಿದೆ. ಎರಡು ಸಾವಿರ ಕೊಡಬಹುದು," ಎಂದೆ. ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆಕೆ ಹಣವನ್ನು ಎಣಿಸದೆ ದೇವರ ಮುಂದಿಟ್ಟರು.

ಹದಿನೈದು ದಿನಗಳಲ್ಲಿ ಅದನ್ನು ಒಂಬತ್ತು ಸಾವಿರಕ್ಕೆ ಮಾರಿದೆ. ಆ ರಾತ್ರಿ ಸುಖವಾಗಿಯೇ ನಿದ್ರಿಸಿದೆನೆಂದು ಒಪ್ಪಿಕೊಳ್ಳಬೇಕು.

ಮರುವಾರ ಆಕೆಯ ಕೆಲಸದ ಹುಡುಗಿ ರಟ್ಟಿನ ಪೆಟ್ಟಿಗೆಯೊಂದನ್ನು ತಂದುಕೊಟ್ಟಳು. ಭತ್ತದ ಹೊಟ್ಟಿನ ನಡುವೆ, ಕಿಂಚಿತ್ತೂ ಬಿರುಕಿಲ್ಲದ ಹಳೆಯ ಚಿಮಣಿ. "ಆ ದೀಪದ್ದೇ ಅಂತೆ. ಅಮ್ಮನವರು ಜೋಡಿ ಅಗಲಬಾರದು ಅಂದರು. ದುಡ್ಡು ಬೇಡವಂತೆ."

ಎರಡು ದಿನ ಆ ಪೆಟ್ಟಿಗೆ ಮೇಜಿನ ಮೇಲೆಯೇ ಇತ್ತು. ಮನೆಯಾಕೆ ಏನೂ ಕೇಳಲಿಲ್ಲ. ಕೇಳಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಮೂರನೆಯ ದಿನ ಏಳು ಸಾವಿರ ರೂಪಾಯಿಗಳನ್ನೂ ಪೆಟ್ಟಿಗೆಯನ್ನೂ ಹಿಡಿದು ಹೋಗಿ, ಟಾರ್ಚಿನ ಸಂಗತಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಆಕೆ ಕ್ಷಮಿಸಿಬಿಡುವರೆಂದು, ಬೇಡವೆಂದರೂ ಕೊಡಬೇಕೆಂದು, ದಾರಿಯಲ್ಲಿ ಮಾತುಗಳನ್ನು ಹೊಂದಿಸಿಕೊಂಡಿದ್ದೆ.

ಆಕೆ ಕನ್ನಡಕ ಧರಿಸಿ ನೋಟುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸೆರಗಿನಲ್ಲಿ ಗಂಟು ಹಾಕಿಕೊಂಡು ಕೈಚಾಚಿದರು.

"ಚಿಮಣಿ ಇಲ್ಲಿ ಕೊಡಿ."

ಕೊಟ್ಟೆ. ಆ ದಿನ ಕಾಫಿ ಬರಲಿಲ್ಲ.