ಒಂದೇ ಪ್ರೊಸೆಸರ್ ಸಾಕಿತ್ತು...

ಸರ್ವರ್ ಅಂದ್ರೆ ಎರಡು ಪ್ರೊಸೆಸರ್ ಇರಲೇಬೇಕು ಅಂತ ನಾನೂ ಬಹಳ ವರ್ಷ ನಂಬಿದ್ದೆ. ಬಾಸ್ ಹತ್ತಿರ ಹಟ ಹಿಡಿದು ಎರಡು ಸಾಕೆಟ್ಟಿನದನ್ನೇ ತರಿಸಿದ್ದೂ ನಾನೇ. ತಂದ ಮೇಲೆ ಡೇಟಾಬೇಸ್ ಕುಂಟತೊಡಗಿತು. ಡೇಟಾ ಸೆಂಟರಿನ ಚಳಿಯಲ್ಲಿ ಎರಡು ರಾತ್ರಿ ಜಾಕೆಟ್ ಹಾಕಿಕೊಂಡು ಕೂತ ಮೇಲೆ ಕಾರಣ ಸಿಕ್ಕಿತು.

ಮದುವೆಮನೆಯಲ್ಲಿ ಎರಡು ಅಡುಗೆಮನೆ, ಎರಡು ಉಗ್ರಾಣ ಇದೆ ಅಂದುಕೊಳ್ಳಿ. ಈ ಕಡೆಯ ಭಟ್ಟರಿಗೆ ಬೇಕಾದ ಹುಣಸೆಹಣ್ಣು ಆ ಕಡೆಯ ಉಗ್ರಾಣದಲ್ಲಿದ್ದರೆ? ಅಂಗಳ ದಾಟಿ ಓಡಬೇಕು. ಸರ್ವರಿನಲ್ಲೂ ಹಾಗೇ. ಪ್ರತಿ ಸಾಕೆಟ್ಟಿಗೂ ಅದರದೇ ಮೆಮೊರಿ, ಪಕ್ಕದ್ದರಿಂದ ತರುವಾಗ ತಡ. ಇದಕ್ಕೆ ನ್ಯೂಮಾ ಅನ್ನುತ್ತಾರೆ. ನಮ್ಮ ಡೇಟಾಬೇಸ್ ದಿನವಿಡೀ ಅಂಗಳ ದಾಟುತ್ತಲೇ ಇತ್ತು!

ಕೊನೆಗೆ ಅದನ್ನು ಒಂದೇ ಸಾಕೆಟ್ಟಿಗೆ ಕಟ್ಟಿಹಾಕಿದೆ. ಸರಿಹೋಯಿತು. ದುಡ್ಡು ಕೊಟ್ಟು ತಂದ ಇನ್ನೊಂದು ಪ್ರೊಸೆಸರ್ ಸುಮ್ಮನೆ ಕರೆಂಟ್ ತಿನ್ನುತ್ತಾ ಕೂತಿತು.

2019ರಲ್ಲಿ ಬಂದ ಎಎಂಡಿಯ ಎರಡನೇ ತಲೆಮಾರಿನ ಎಪಿಕ್‌ನಲ್ಲಿ ಒಂದೇ ಸಾಕೆಟ್ಟಿಗೆ 64 ಕೋರ್, 128 ಪಿಸಿಐ ಎಕ್ಸ್‌ಪ್ರೆಸ್ ಲೇನ್. ಡಿಸ್ಕು, ನೆಟ್‌ವರ್ಕ್ ಕಾರ್ಡು ಎಲ್ಲಕ್ಕೂ ಧಾರಾಳ ಜಾಗ. ಹೆಸರಿನ ಕೊನೆಗೆ 'ಪಿ' ಇರುವ ಮಾದರಿಗಳು ಒಂಟಿ ಸಾಕೆಟ್ಟಿಗೇ ಮೀಸಲು, ಬೆಲೆಯೂ ಕಡಿಮೆ. ಲೈಸೆನ್ಸಿನಲ್ಲೂ ಉಳಿತಾಯವಿತ್ತು. ಆದರೆ ಸಾಕೆಟ್ ಲೆಕ್ಕದಲ್ಲಿ ದುಡ್ಡು ಕೇಳುತ್ತಿದ್ದ ವಿಎಂವೇರ್ 2020ರಲ್ಲಿ 32 ಕೋರಿಗೊಂದು ಲೈಸೆನ್ಸ್ ಅಂತ ಮಾಡಿತು. ಬಿಡ್ತಾರಾ ಅವರು :)

ತೀರಾ ದೊಡ್ಡ ಮೆಮೊರಿ ಬೇಕಾದವರಿಗೆ ಎರಡೇ ಸರಿ, ಒಪ್ಪುತ್ತೇನೆ. ನಮಗೆ ಬೇಕಿರಲಿಲ್ಲ.

ಮುಂದಿನ ಖರೀದಿಗೆ ಒಂಟಿ ಪ್ರೊಸೆಸರಿನದು ಸಾಕು ಅಂತ ಬರೆದುಕೊಟ್ಟೆ. ಬಾಸ್ ಕನ್ನಡಕದ ಮೇಲಿಂದ ನೋಡಿದರು. "ಹೋದ ಸಲ ಎರಡು ಬೇಕೇ ಬೇಕು ಅಂತ ಕೂತಿದ್ದು ನೀವೇ ಅಲ್ವಾ?"

"ಹೌದು ಸಾರ್, ನಾನೇ" ಅಂದೆ.