ಕೆಂಪು ಮಂಡಿಯ ಜೇಡವನ್ನು ಮನೆಗೆ ತರುವ ಮುನ್ನ



ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ ಸಾಕುವ ಆಸೆಯಾಗಿದೆ ಎಂದು ಬರೆದಿದ್ದೀರಿ. ಜೇಡ ಕಂಡರೆ ಪೊರಕೆ ಹುಡುಕುವವರೇ ಹೆಚ್ಚು. ಅಕ್ಕರೆಯಿಂದ ವಿಚಾರಿಸುವ ಪತ್ರ ಬಂದರೆ ನನಗೆ ಹಬ್ಬ. “ತುಂಬ ಸಾಧುವಂತೆ, ಕೈಮೇಲೆ ಬಿಟ್ಟುಕೊಳ್ಳಬಹುದೇ?” ಎಂದು ಕೇಳಿದ್ದೀರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ.

ಸಾಧು ಎಂಬುದು ನಿಜ. ಬೆದರಿದರೆ ಕಚ್ಚಲು ಬರುವುದಕ್ಕಿಂತ ಬಿಲ ಸೇರುವುದೇ ಅದಕ್ಕಿಷ್ಟ. ತೀರಾ ಕೆಣಕಿದರೆ ಹಿಂಗಾಲುಗಳಿಂದ ಹೊಟ್ಟೆಯ ಮೇಲಿನ ಮುಳ್ಳುರೋಮಗಳನ್ನು ಕೆರೆದು ಗಾಳಿಗೆ ತೂರುತ್ತದೆ. ಚರ್ಮಕ್ಕೆ ತಗುಲಿದರೆ ತುರಿಕೆ. ಕಣ್ಣಿಗೆ ಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆದರೂ ಕೈಮೇಲೆ ಬಿಟ್ಟುಕೊಂಡಾಗ ಹೆಚ್ಚಿನ ಅಪಾಯ ನಿಮಗಲ್ಲ, ಅದಕ್ಕೆ. ಅದರ ಹೊಟ್ಟೆಯ ಹೊದಿಕೆ ಬಲು ತೆಳು. ಸ್ವಲ್ಪ ಎತ್ತರದಿಂದ ಬಿದ್ದರೂ ಒಡೆದು ಸಾಯಬಹುದು. ನಮ್ಮ ಸ್ಪರ್ಶವನ್ನು ಅದು ಸಹಿಸಿಕೊಳ್ಳುತ್ತದೆಯೇ ಹೊರತು ಬಯಸುವುದಿಲ್ಲ. ಆದ್ದರಿಂದ ಮುಟ್ಟಬೇಡಿ, ನೋಡುತ್ತಾ ಕೂರಿ. ಈ ಜೇಡವನ್ನು ಪ್ರೀತಿಸುವ ಬಗೆಯೇ ಅದು.

ಅದರ ತವರು ಮೆಕ್ಸಿಕೋದ ಪೆಸಿಫಿಕ್ ತೀರದ ಒಣ ಕಾಡು. ಬಂಡೆಯಡಿ, ಬೇರುಗಳ ನಡುವೆ ಬಿಲದಲ್ಲಿದ್ದು ರಾತ್ರಿ ಬಾಗಿಲಲ್ಲಿ ಕಾದು ಹುಳ ಹಿಡಿಯುವ ಜೀವ. ಆ ಬಿಲವನ್ನೇ ನೀವು ಮನೆಯಲ್ಲಿ ಕಟ್ಟಿಕೊಡಬೇಕು. ಗಾಜಿನ ಪೆಟ್ಟಿಗೆ ಎತ್ತರವಿರುವುದು ಬೇಡ, ಏರಿ ಬಿದ್ದೀತು. ಅಗೆಯಲು ಸಾಕಷ್ಟು ದಪ್ಪಕ್ಕೆ ಮಣ್ಣು, ಅವಿತುಕೊಳ್ಳಲು ಒಂದು ತೊಗಟೆ, ಸದಾ ನೀರಿರುವ ಸಣ್ಣ ಬಟ್ಟಲು, ಗಾಳಿಯಾಡುವ ಭದ್ರ ಮುಚ್ಚಳ ಇದ್ದರೆ ಸಾಕು. ಬೆಳೆದ ಜೇಡಕ್ಕೆ ವಾರಕ್ಕೊಂದೆರಡು ಹುಳ ಧಾರಾಳ.

ಪೊರೆ ಬಿಡುವ ಕಾಲದಲ್ಲಿ ಮಾತ್ರ ನಿಮ್ಮ ತಾಳ್ಮೆಗೆ ಪರೀಕ್ಷೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುತ್ತದೆ. ಆಮೇಲೊಂದು ದಿನ ಅಂಗಾತ ಮಲಗುತ್ತದೆ. ಸತ್ತಿತೆಂದು ಎತ್ತಬೇಡಿ, ತಿರುಗಿಸಬೇಡಿ. ಆಗ ಅದರ ಮೈ ಎಷ್ಟು ಮೆತ್ತಗಿರುತ್ತದೆಂದರೆ ಒಳಗೆ ಉಳಿದ ಒಂದು ಮಿಡತೆಯೂ ಅದನ್ನು ಕಚ್ಚಿ ಗಾಯಗೊಳಿಸಬಲ್ಲದು. ಹುಳಗಳನ್ನು ತೆಗೆದು, ನೀರಿಟ್ಟು, ಹೊಸ ಹಲ್ಲು ಗಟ್ಟಿಯಾಗುವವರೆಗೆ ಸುಮ್ಮನಿದ್ದುಬಿಡಿ.

ಇಷ್ಟು ಸುಲಭವಾಗಿ ಸಾಕಬಹುದಾದದ್ದೇ ಅದಕ್ಕೆ ಮುಳುವಾಯಿತು. ಸಾಕುವವರ ಪೇಟೆಗಾಗಿ ಕಾಡಿನ ಬಿಲಗಳನ್ನು ಬರಿದು ಮಾಡಿದರು. ಇದು ಬೆಳೆದು ಮರಿ ಮಾಡಲು ವರ್ಷಗಳೇ ಬೇಕು. ಕಳೆದುಕೊಂಡದ್ದನ್ನು ಕಾಡು ಬೇಗ ತುಂಬಿಕೊಳ್ಳಲಾರದು. ಹಾಗಾಗಿ 1985ರಲ್ಲಿ ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕಿದರು. ಕೆಂಪು ಮಂಡಿಯ ಜೇಡವೆಂದು ಬ್ರಾಕಿಪೆಲ್ಮಾ ಸ್ಮಿಥಿ ಎಂಬ ವೈಜ್ಞಾನಿಕ ಹೆಸರಿನಲ್ಲಿ ಮಾರಾಟವಾಗುತ್ತಿದ್ದವುಗಳಲ್ಲಿ ಬಹಳಷ್ಟು ಬ್ರಾಕಿಪೆಲ್ಮಾ ಹಮೋರಿಯೈ ಎಂಬ ಬೇರೆಯದೇ ಪ್ರಭೇದ. ಎರಡರ ನಡುವಿನ ಗೊಂದಲವನ್ನು 2017ರ ಅಧ್ಯಯನವೊಂದು ಬಿಡಿಸಿತು. ಎರಡಕ್ಕೂ ರಕ್ಷಣೆಯಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯೂ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಒಳಗೊಂಡಿದೆ. ಇಂಥವನ್ನು ಸಾಕುವವರು ನೋಂದಣಿ ಮಾಡಿಸಲೇಬೇಕು. ಸಾಕಣೆಯಲ್ಲೇ ಹುಟ್ಟಿದ ಮರಿ ಎಂಬುದಕ್ಕೆ ದಾಖಲೆ ಕೇಳಿ. ಮಾರುವವರು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕೆಂಪು ಮಂಡಿಯದು ಸಿಗದಿದ್ದರೆ ನಮ್ಮ ಘಟ್ಟದ್ದೇ ಆದೀತೆಂದು ಮಾತ್ರ ಯೋಚಿಸಬೇಡಿ. ಪಶ್ಚಿಮ ಘಟ್ಟದ ಟರಾಂಟುಲಾಗಳಲ್ಲಿ ಬೇರೆಲ್ಲೂ ಕಾಣದ ಪ್ರಭೇದಗಳಿವೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ನೋಡಿ, ಬಿಲದಲ್ಲೇ ಬಿಟ್ಟು ಬನ್ನಿ.

ಕೊನೆಯದಾಗಿ ಆಯಸ್ಸಿನ ಮಾತು. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಬಾಳದು. ಹೆಣ್ಣಾದರೆ 25 ವರ್ಷ, ಅದಕ್ಕೂ ಮಿಗಿಲಾಗಿ ಬದುಕಬಲ್ಲದು. ನಡುವೆ ಊರು ಬದಲಾದರೆ, ನೀವು ತಿಂಗಳುಗಟ್ಟಲೆ ಮನೆಯಲ್ಲಿರದಿದ್ದರೆ ನೀರಿಡುವವರು ಯಾರು ಎಂದು ಮನೆಯವರೊಡನೆ ಕೂತು ಮಾತಾಡಿ. ಈ ಪ್ರಶ್ನೆಗೆ ಸರಿಯಾದ ಉತ್ತರವೂ ಸಾಕಣೆಯಲ್ಲಿ ಹುಟ್ಟಿದ್ದೆಂಬ ದಾಖಲೆಯೂ ಸಿಕ್ಕರೆ ಧೈರ್ಯವಾಗಿ ತನ್ನಿ. ಪೆಟ್ಟಿಗೆ ಸಿದ್ಧಮಾಡುವಾಗ ಸಂದೇಹ ಬಂದರೆ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ.

ನಿಮ್ಮ ವಿಶ್ವಾಸಿ