ಈಡು ತುಂಬುವ ಕೈ

ಸೊರಬ
ಕಾರ್ತಿಕ ಮಾಸ

ಪ್ರಿಯ ಮಿತ್ರರೆ,

ಕಾಗದ ತಲುಪಿತು. ಮೊಂಟಾನಾದ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆಂದು ರೈಫಲ್ ಕೊಂಡಿದ್ದೀರಿ, ಅಂಗಡಿಯ ತೋಟಾ ಬಿಟ್ಟು ಮನೆಯಲ್ಲೇ ತೋಟಾ ತುಂಬಲು ಕಲಿಯುತ್ತಿದ್ದೀರಿ. ಐನೂರು ಮೀಟರಿನಾಚೆಗೂ ಗುರಿ ತಪ್ಪದ ತೋಟಾ ಬೇಕು ಎನ್ನುತ್ತೀರಿ. ಜೊತೆಗೆ, ಶಿಕಾರಿಪುರ-ಸೊರಬದ ನಮ್ಮ ಹಳಬರು ಈ ಕೆಲಸ ಹೇಗೆ ಮಾಡುತ್ತಿದ್ದರು ಎಂದು ಕೇಳಿದ್ದೀರಿ. ಕೇಳಿದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ನಮ್ಮ ಸೀಮೆಯ ಈ ತಿಳಿವಳಿಕೆ ತಿಳಿದವರ ಜೊತೆಗೇ ಹೋಗುತ್ತಿದೆ, ಬರೆದಿಟ್ಟವರು ಕಡಿಮೆ.

ನಮ್ಮ ಕಡೆಯ ರೈತನ ಮನೆಯ ಕೋವಿ ಎಂದರೆ ಕೇಪಿನ ಕೋವಿ. ಒಂಟಿ ನಳಿಗೆ, ಬಾಯಿಯಿಂದಲೇ ಮದ್ದು ತುಂಬಬೇಕು. ಹಾಗೆ ನೋಡಿದರೆ ಅದರ ಪ್ರತಿಯೊಂದು ಈಡೂ ಕೈಯಿಂದ ತುಂಬಿದ್ದೇ. ಮೊದಲು ಕರಿಮದ್ದು, ಅದರ ಮೇಲೆ ತೆಂಗಿನ ನಾರು ಅಥವಾ ಹಳೆಬಟ್ಟೆಯ ತುರುಕು, ಗಜವೆಂಬ ಸಲಾಕೆಯಿಂದ ಜಡಿತ, ಆಮೇಲೆ ಚರೆ ಇಲ್ಲವೆ ಗುಂಡು, ಮತ್ತೆ ತುರುಕು, ಕೊನೆಗೆ ನಳಿಗೆಯ ಬುಡದ ಮೊಲೆಯ ಮೇಲೆ ಕಿಡಿ ಕೊಡುವ ಕೇಪು. ಮದ್ದನ್ನು ತೂಗುವ ತಕ್ಕಡಿ ಯಾರ ಮನೆಯಲ್ಲೂ ಇರಲಿಲ್ಲ. ನಳಿಗೆಗೆ ಇಳಿಸಿದ ಗಜ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿದೆ ಎನ್ನುವುದೇ ಅಳತೆ. ಹಕ್ಕಿಗೆ ಇಷ್ಟು ಬೆರಳು, ಹಂದಿಗೆ ಇಷ್ಟು ಬೆರಳು ಎಂದು ಲೆಕ್ಕ. ಬೆರಳು ಒಬ್ಬೊಬ್ಬನದು ಒಂದೊಂದು ದಪ್ಪ, ಜಡಿಯುವ ತೋಳಿನ ಬಲ ಒಂದೊಂದು ಬಗೆ. ಇವುಗಳ ಮೇಲೆ ನಮ್ಮ ಮಳೆ ಬೇರೆ. ಆಷಾಢದ ತೇವ ಕುಡಿದ ಕರಿಮದ್ದು ಒಮ್ಮೆ ಠುಸ್ಸೆಂದು ಸುಮ್ಮನಾಗುತ್ತಿತ್ತು, ಇನ್ನೊಮ್ಮೆ ಕೇಪು ಸಿಡಿದು ಅರೆಕ್ಷಣ ತಡೆದು ಹಾರುತ್ತಿತ್ತು. ಅದಕ್ಕೇ ಮದ್ದಿನ ಕೊಂಬನ್ನು ಒಲೆಯಿಂದ ದೂರ, ಆದರೆ ಬೆಚ್ಚಗಿರುವ ಜಾಗದಲ್ಲಿ ತೂಗುಹಾಕುತ್ತಿದ್ದರು.

ಒಳಮೈ ನುಣುಪಾದ ಆ ನಳಿಗೆಯಲ್ಲಿ ಗುಂಡಿಗೆ ತಿರುಗುವಿಕೆ ಇಲ್ಲ, ಹಾಗಾಗಿ ಗಾಳಿಯಲ್ಲಿ ಅದು ತನಗೆ ತೋಚಿದ ಕಡೆ ವಾಲುತ್ತದೆ. ಬಲ್ಲವನು ಮೂವತ್ತು-ನಲವತ್ತು ಹೆಜ್ಜೆಯಾಚೆಗೆ ಈಡು ಹಾರಿಸುತ್ತಿರಲಿಲ್ಲ. ಆ ಸಂಯಮವೇ ಅವನ ನಿಖರತೆ. ಮರಸು, ಅಂದರೆ ಹೊಂಚು, ಕೂತವನು ಹಂದಿ ಗದ್ದೆಯ ಬದು ದಾಟಿ ಪಕ್ಕೆ ಕೊಡುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಎರಡನೆಯ ಈಡು ತುಂಬಲು ಹೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಈಗ ನಿಮ್ಮ ಮೇಜಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ತೋಟಾದಲ್ಲೂ ನಾಲ್ಕೇ ವಸ್ತು: ಹಿತ್ತಾಳೆಯ ಕೋಶ, ಪ್ರೈಮರ್, ಹೊಗೆಯಿಲ್ಲದ ಮದ್ದು, ಗುಂಡು. ಎಲ್ಲರೂ ವೇಗದ ಹಿಂದೆ ಓಡುತ್ತಾರೆ, ನೀವು ಓಡಬೇಡಿ. ದೂರದ ಗುರಿಗೆ ಬೇಕಾದದ್ದು ಹೆಚ್ಚು ವೇಗವಲ್ಲ, ಒಂದೇ ವೇಗ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಗುಂಡು ಸೆಕೆಂಡಿಗೆ 800 ಮೀಟರಿನಂತೆ ಹೊರಟಿತು ಎನ್ನಿ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟರೆ, 100 ಮೀಟರ್ ಹೋಗುವಷ್ಟರಲ್ಲಿ ಭೂಮಿ ಅದನ್ನು ಸುಮಾರು 7.7 ಸೆಂಟಿಮೀಟರ್ ಕೆಳಗೆಳೆಯುತ್ತದೆ. ಮುಂದಿನ ತೋಟಾ ಶೇಕಡಾ 1ರಷ್ಟು ನಿಧಾನವಾದರೆ ಆಗುವ ವ್ಯತ್ಯಾಸ ಒಂದೂವರೆ ಮಿಲಿಮೀಟರ್, ಕಣ್ಣಿಗೂ ಕಾಣದು. ಅದೇ ಗುಂಡು 500 ಮೀಟರಿಗೆ 1.9 ಮೀಟರ್ ಇಳಿಯುತ್ತದೆ, ಅದೇ ಶೇಕಡಾ 1ರ ಕೊರತೆ ಅಲ್ಲಿ ಸುಮಾರು 4 ಸೆಂಟಿಮೀಟರ್ ಆಗುತ್ತದೆ. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು. ದೂರ ಐದು ಪಟ್ಟಾದರೆ ತಪ್ಪು ಇಪ್ಪತ್ತೈದು ಪಟ್ಟು. ನೂರು ಮೀಟರಿನ ಹಾಳೆಯ ಮೇಲೆ ಮೂರು ತೂತುಗಳು ಒಂದಕ್ಕೊಂದು ತಾಗಿಕೊಂಡಿದ್ದವೆಂದು ಬರೆದಿದ್ದೀರಲ್ಲ, ಆ ಹಾಳೆಯನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ಮೂರು ಈಡಿನ ಗುಂಪು ಎಂಥವರನ್ನೂ ಮರುಳು ಮಾಡುತ್ತದೆ. ಸಾಧಾರಣ ತೋಟಾವೂ ಅದೃಷ್ಟವಿದ್ದರೆ ಮೂರನ್ನು ಒಂದೆಡೆ ಕೂಡಿಸಿಬಿಡುತ್ತದೆ, ಹತ್ತು ಹಾರಿಸಿದಾಗ ಅದರ ನಿಜವಾದ ಅಗಲ ಕಾಣುತ್ತದೆ. ಮದ್ದಿನ ಪ್ರಮಾಣ ಕೂದಲೆಳೆಯಷ್ಟು ಬದಲಿಸಿ, ಮೂರು ಹಾರಿಸಿ, ಈ ಅಳತೆಯೇ ಶ್ರೇಷ್ಠ ಎಂದು ತೀರ್ಮಾನಿಸುವವರು ಆಕಸ್ಮಿಕವನ್ನೇ ಗುಣವೆಂದು ಎಣಿಸುತ್ತಾರೆ. ಬೇಸರವಾದರೂ ಸರಿ, ಒಂದೇ ಬಗೆಯ ತೋಟಾ ಹತ್ತು ತುಂಬಿ, ಕ್ರೋನೋಗ್ರಾಫ್ ಇಟ್ಟು ಹತ್ತರ ವೇಗವನ್ನೂ ಬರೆದುಕೊಳ್ಳಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗುಂಡು ಬದಲಿಸಿದ ದಿನ ಮದ್ದು ಬದಲಿಸಬೇಡಿ. ಗುಂಡು ಎಷ್ಟು ಆಳ ಕೂತಿದೆ ಎಂಬುದನ್ನು ತುದಿಯಿಂದ ಅಳೆಯದೆ, ನಳಿಗೆಯ ಗೆರೆಗಳನ್ನು ಮೊದಲು ಮುಟ್ಟುವ ಗುಂಡಿನ ಬಾಗಿದ ಭಾಗದಿಂದ ಅಳೆಯಿರಿ. ತುದಿಗಳು ಒಂದೇ ಡಬ್ಬಿಯಲ್ಲೂ ಹೆಚ್ಚುಕಡಿಮೆ ಇರುತ್ತವೆ. ಕೋಶಗಳು ಒಂದೇ ಕಾರ್ಖಾನೆಯ ಒಂದೇ ತಂಡದವಾಗಿರಲಿ, ಒಂದರಷ್ಟೇ ಸಲ ಇನ್ನೊಂದೂ ಸುಟ್ಟದ್ದಾಗಿರಲಿ. ಹಿತ್ತಾಳೆ ಪ್ರತಿ ಈಡಿಗೂ ಹಿಗ್ಗಿ ಕುಗ್ಗಿ ಗಡುಸಾಗುತ್ತದೆ, ಆಗ ಕೋಶದ ಕತ್ತು ಒಂದೊಂದು ಗುಂಡನ್ನು ಒಂದೊಂದು ಬಿಗಿಯಲ್ಲಿ ಹಿಡಿಯುತ್ತದೆ. ನಿಮ್ಮ ತೋಟಾಗಳ ವೇಗ ಏರಿಳಿದರೆ ಇದೇ ಕಾರಣವಿರಬಹುದು, ಮದ್ದಿನ ತೂಕವಲ್ಲ. ಮದ್ದು ತೂಗುವಾಗ ನೀವು ನೋಡುವ 0.1 ಗ್ರೇನ್ ಎಂದರೆ ಆರೂವರೆ ಮಿಲಿಗ್ರಾಂ. ಅಷ್ಟನ್ನು ಹಿಡಿಯುವ ತಕ್ಕಡಿ ಫ್ಯಾನಿನ ಗಾಳಿಗೂ ಅಲುಗಾಡುತ್ತದೆ.

ಮದ್ದಿನ ಪ್ರಮಾಣವನ್ನು ನನ್ನಿಂದ ಕೇಳಬೇಡಿ, ಸ್ನೇಹಿತರಿಂದಲೂ ಕೇಳಬೇಡಿ. ಮದ್ದು ತಯಾರಿಸಿದವರು ಅಚ್ಚು ಹಾಕಿದ ಪುಸ್ತಕವೇ ಪ್ರಮಾಣ. ಅದರ ಕನಿಷ್ಠದಿಂದ ಶುರುಮಾಡಿ. ಬೋಲ್ಟ್ ಎತ್ತುವಾಗ ಬಿಗಿಯಾಯಿತೇ, ಪ್ರೈಮರ್ ಚಪ್ಪಟೆಯಾಯಿತೇ, ಅಲ್ಲಿಗೆ ನಿಲ್ಲಿಸಿ ಹಿಂದೆ ಸರಿಯಿರಿ. ನಮ್ಮ ಕಡೆ ಎರಡು ಬೆರಳು ಹೆಚ್ಚು ಜಡಿದು ನಳಿಗೆ ಬಿರಿದು, ಬೆರಳು ಕಣ್ಣು ಕಳೆದುಕೊಂಡವರ ಕಥೆ ಊರೂರಿಗೂ ಇದೆ.

ನಿಖರತೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ನಮ್ಮ ಕಾಡಿನ ಚರಿತ್ರೆಯಲ್ಲೇ ಇದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ನಮ್ಮ ಈ ಸುತ್ತಿನಲ್ಲೆಲ್ಲ ಅಲೆದವರು. ಅವರ 1954ರ ಮೊದಲ ಪುಸ್ತಕದಲ್ಲಿ ತ್ಯಾಗರ್ತಿಯ ಹುಲಿಗಳ ಕಥೆಯಿದೆ, ಮುಂದಿನ ಪುಸ್ತಕವೊಂದರಲ್ಲಿ ಚೋರಡಿಯ ಹುಲಿಯದ್ದು. ತ್ಯಾಗರ್ತಿ, ಆನಂದಪುರ, ಚೋರಡಿ, ಕುಂಸಿ ಎಲ್ಲವೂ ಶಿಕಾರಿಪುರದ ನೆರೆಯ ಊರುಗಳೇ. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್‌ರನ್ನು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದದ್ದು ನಿಮಗೂ ಗೊತ್ತಿರಬೇಕು. ಆ ಕಥೆಗಳನ್ನು ರೋಮಾಂಚನಕ್ಕಾಗಿ ಓದುವವರೇ ಹೆಚ್ಚು. ನಾನು ಓದುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಗಾಯ. ಯಾವನೋ ಅವಸರದಲ್ಲಿ ಹಾರಿಸಿದ ಈಡು, ಕಾಲಿಗೋ ದವಡೆಗೋ ಬಿದ್ದ ಚರೆ, ಜಿಂಕೆ ಹಿಡಿಯಲಾರದೆ ದನಕ್ಕೆ, ಆಮೇಲೆ ಮನುಷ್ಯನಿಗೆ ಇಳಿದ ಪ್ರಾಣಿ. ಒಂದು ಕೆಟ್ಟ ಈಡಿನ ಬೆಲೆಯನ್ನು ಹಾರಿಸಿದವನಲ್ಲ, ಮುಂದಿನ ವರ್ಷ ಅದೇ ದಾರಿಯಲ್ಲಿ ಸೌದೆ ತರಲು ಹೋದ ಹೆಂಗಸು ತೆತ್ತಳು.

ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್, 1895ರ ಮಾದರಿ. ನಿಮ್ಮ ದೇಶದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದದ್ದೂ ಅದೇ ಬಗೆಯ ರೈಫಲ್. ಭಾರದ ಮೊಂಡು ಗುಂಡು, ಬೇಗ ವೇಗ ಕಳೆದುಕೊಳ್ಳುತ್ತದೆ. ದೂರದ ಬೇಟೆಗೆ ಅದು ಆಗುವಂಥದ್ದಲ್ಲ. ಆದರೆ ಐವತ್ತು ಗಜದಾಚೆ ಏನೂ ಕಾಣದ ನಮ್ಮ ಲಂಟಾನದ ಹಳುವಿನಲ್ಲಿ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಬೇಟೆಯ ನ್ಯಾಯದ ಬಗ್ಗೆ ಯೋಚಿಸಿ ರೂಸ್‌ವೆಲ್ಟ್ 1887ರಲ್ಲಿ ಗೆಳೆಯರ ಜೊತೆ ಬೂನ್ ಆಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕೆಂಬುದು ಆ ಕ್ಲಬ್ಬಿನ ಮೂಲ ವಿಚಾರ. ದೂರದ ಬೇಟೆಗೆ ತೊಡಗುವ ಮುಂಚೆ ಆ ಕ್ಲಬ್ಬಿನವರ ಮಾತು ಓದಿ.

ಗಾಳಿಯ ತಡೆಯೂ ಸೇರಿದರೆ ಐನೂರು ಮೀಟರ್ ದಾಟಲು ಗುಂಡಿಗೆ ಸುಮಾರು ಮುಕ್ಕಾಲು ಸೆಕೆಂಡು ಬೇಕು. ನೀವು ರೈಫಲ್ಲಿನ ಬಿಲ್ಲು (ಟ್ರಿಗರ್) ಎಳೆದಾಗ ನಿಂತಿದ್ದ ಎಲ್ಕ್ ಅಷ್ಟರಲ್ಲಿ ಒಂದು ಹೆಜ್ಜೆ ಇಟ್ಟರೆ, ಹೃದಯಕ್ಕೆಂದು ಬಿಟ್ಟದ್ದು ಹೊಟ್ಟೆಗೆ ಬೀಳುತ್ತದೆ. ಅದರ ಹೃದಯ-ಪುಪ್ಪುಸದ ಜಾಗ ಒಂದು ಮೊಳದೊಳಗೆ. ಗಂಟೆಗೆ ಹದಿನೈದು ಕಿಲೋಮೀಟರಿನ ಅಡ್ಡಗಾಳಿ ಆ ದೂರದಲ್ಲಿ ಗುಂಡನ್ನು ಒಂದಡಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯ ಅಂದಾಜಿನಲ್ಲಿ ನೀವು ಮಾಡುವ ತಪ್ಪಿನ ಎದುರು ತಕ್ಕಡಿಯ ಆರೂವರೆ ಮಿಲಿಗ್ರಾಂ ಏನೂ ಅಲ್ಲ. ನಿಮ್ಮ ಮೇಜಿನ ಶ್ರಮವನ್ನು ನಾನು ಕಡಿಮೆ ಮಾಡುತ್ತಿಲ್ಲ. ಒಂದೇ ತೆರನಾದ ತೋಟಾ ಇದ್ದರೆ ತಪ್ಪಿದ್ದು ಗಾಳಿಯೋ ಕೈಯೋ ಎಂಬುದಾದರೂ ತಿಳಿಯುತ್ತದೆ, ಇಲ್ಲದಿದ್ದರೆ ಅದೂ ಇಲ್ಲ.

ಗುಂಡಿನ ಲೋಹದ ಬಗ್ಗೆಯೂ ಒಂದು ಮಾತು. ಸೀಸದ ಗುಂಡು ಮಾಂಸದೊಳಗೆ ಚೂರುಚೂರಾಗಿ ಚೆದುರುತ್ತದೆ. ನೀವು ಬಿಟ್ಟುಬಂದ ಕರುಳು ತಿಂದ ಹದ್ದು, ರಣಹದ್ದುಗಳಿಗೆ ಆ ಚೂರೇ ವಿಷ. ಕಾಂಡೋರ್ ಹಕ್ಕಿಗಳು ಹೀಗೆ ಸತ್ತವೆಂದೇ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಲ್ಲಿಸಿತು. ತಾಮ್ರದ ಗುಂಡು ಬಳಸಿ. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡಿಗೆ ನಳಿಗೆಯ ಸುತ್ತು ಬಿಗಿಯಾಗಿರಬೇಕು. ನಿಮ್ಮ ರೈಫಲ್ಲಿನ ಸುತ್ತು ಎಷ್ಟೆಂದು ನೋಡಿ ಆಮೇಲೆ ತೂಕ ಆರಿಸಿ.

ಊರಿಗೆ ಬಂದಾಗ ತೋಟಾ ತುಂಬುವ ಸಾಮಾನನ್ನೆಲ್ಲ ತೋರಿಸುತ್ತೇನೆ ಎಂದಿದ್ದೀರಿ. ತರಬೇಡಿ, ಒಂದು ಖಾಲಿ ಕೋಶವನ್ನೂ ಚೀಲದಲ್ಲಿ ಉಳಿಸಬೇಡಿ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡುವ ಅವಕಾಶವನ್ನು ಆ ಕಾಯ್ದೆಯೇ ಹೇಳುತ್ತದೆ. ನಮ್ಮ ಕೇಪಿನ ಕೋವಿಗಳು ಉಳಿದಿರುವುದು ಆ ಒಂದು ಸಾಲಿನಿಂದ. ಚುನಾವಣೆ ಬಂದಾಗಲೆಲ್ಲ ಅವು ಠಾಣೆ ಸೇರುತ್ತವೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿದೆ, ಕಾಡುಹಂದಿಗೂ ಅದು ಅನ್ವಯಿಸುತ್ತದೆ. ಬೆಳೆಗೆ ಅಪಾಯವಾದರೆ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು.

ಆ ಕಾಯ್ದೆ ಬಂದದ್ದು ಒಳ್ಳೆಯದೆಂದೇ ನನ್ನ ಗಟ್ಟಿಯಾದ ನಂಬಿಕೆ, ಅದಿಲ್ಲದಿದ್ದರೆ ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯ ಕಾಡಿನಲ್ಲಿ ಇಷ್ಟು ಪ್ರಾಣಿಗಳೂ ಉಳಿಯುತ್ತಿರಲಿಲ್ಲ. ಆದರೆ ರಾತ್ರಿಯಿಡೀ ಮುಸುಕಿನ ಜೋಳದ ಹೊಲ ಕಾಯುವ ರೈತನ ಸಂಕಟವೂ ನಿಜ. ಒಂದೇ ರಾತ್ರಿ ಹಂದಿಯ ಹಿಂಡು ನುಗ್ಗಿದರೆ ವರ್ಷದ ದುಡಿಮೆ ಹೋಗುತ್ತದೆ. ಆ ಸಂಕಟದಲ್ಲಿ ಕೆಲವರು ಹಣ್ಣಿನೊಳಗೋ ಹಿಟ್ಟಿನ ಉಂಡೆಯೊಳಗೋ ಸಿಡಿಮದ್ದು ಇಡುತ್ತಾರೆ. ಅದನ್ನು ಕಚ್ಚಿದ ದನ ದವಡೆ ಹರಿದು, ಮೇವು ನೀರು ಮುಟ್ಟಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ. ಮದ್ದು ಕೈಗೆ ಬಂದ ಮನುಷ್ಯ ಮಾಡಬಹುದಾದ ಅತ್ಯಂತ ಹೀನ ಕೆಲಸ ಇದು. ಯಾರು ಬಂದು ಕಚ್ಚುತ್ತಾರೆಂದು ನೋಡದೆ ಇಟ್ಟುಹೋಗುವವನಿಗೆ ಗುರಿಯೂ ಇಲ್ಲ, ಹೊಣೆಯೂ ಇಲ್ಲ. ಸೌರಬೇಲಿ, ಕಂದಕ, ಹೊತ್ತಿಗೆ ಸರಿಯಾಗಿ ಸಿಗುವ ಪರಿಹಾರ, ಇವಕ್ಕಾಗಿ ಇಲ್ಲಿ ನಾವು ಜಗಳವಾಡಬೇಕಾಗಿದೆ, ಆಡುತ್ತಲೂ ಇದ್ದೇವೆ.

ನಿಮ್ಮಿಂದ ನನಗೆ ಬೇಕಾದದ್ದು ಒಂದು ಲೆಕ್ಕ. ಬೆಂಚಿನ ಮೇಲೆ ಬಿಸಿಯಾದ ನಳಿಗೆಯಿಂದ ಹಾರಿಸಿದ ಗುಂಪು ಸಾಕು, ಇನ್ನು ಬೆಳಗಿನ ತಣ್ಣನೆಯ ನಳಿಗೆಯಿಂದ ಮೊದಲ ಒಂದೇ ಈಡು ಹಾರಿಸಿ. ಬೇರೆ ಬೇರೆ ದಿನ, ಬೇರೆ ಬೇರೆ ಚಳಿಯಲ್ಲಿ, ನೆಲದ ಮೇಲೆ ಮಲಗಿ ಅಥವಾ ಮೊಣಕಾಲೂರಿ, ಒಂದೇ ಹಾಳೆಗೆ. ಕಾಡಿನಲ್ಲಿ ನಿಮಗೆ ಸಿಗುವುದು ಆ ಮೊದಲ ಈಡು ಮಾತ್ರ. ಯಾವ ದೂರದವರೆಗೆ ಅವೆಲ್ಲವೂ ಒಂದು ಗೇಣಿನೊಳಗೆ ಬಿದ್ದವು ಎಂದು ಬರೆಯಿರಿ. ಅದು 250 ಮೀಟರ್ ಎಂದು ಬಂದರೆ ಈ ಸಲದ ಬೇಟೆಗೆ ಅಷ್ಟೇ ನಿಮ್ಮ ದೂರ. ತೋಟಾ ಐನೂರು ಮುಟ್ಟುತ್ತದೆ ಎಂಬ ಕಾರಣಕ್ಕೆ ಅದನ್ನು ಹಿಗ್ಗಿಸಬೇಡಿ, ಇನ್ನಷ್ಟು ಹತ್ತಿರ ನಡೆದುಹೋಗಿ.

ಮನೆಯವರಿಗೆಲ್ಲ ನನ್ನ ನೆನಪು ತಿಳಿಸಿ. ಗುಡವಿಯ ಪಕ್ಷಿಧಾಮಕ್ಕೆ ಹಕ್ಕಿ ಬರುವ ಹೊತ್ತಿಗೆ ಊರಿಗೆ ಬರುವಂತಾದರೆ ಮೊದಲೇ ಬರೆಯಿರಿ, ದುರ್ಬೀನು ಮಾತ್ರ ಮರೆಯದೆ ತನ್ನಿ.

ನಿಮ್ಮ,
ಸೊರಬದ ಗೆಳೆಯ